ಹಳಿಯ ಅಗಲವೂ ಜೋಡಣೆಯ ತುದಿಯೂ: ತರೀಕೆರೆ ಸೀಮೆಯ ಒಂದು ಐತಿಹಾಸಿಕ ದೃಷ್ಟಾಂತ

೧

ಹಳೆಯ ಲ್ಯಾಪ್‌ಟಾಪಿನಿಂದ ಬಿಡಿಸಿ ತೆಗೆದ ಡ್ರೈವೊಂದನ್ನು ಇಂದಿನ ಗಣಕದ ಯುಎಸ್‌ಬಿ ಕಿಂಡಿಗೆ ಜೋಡಿಸಹೊರಟವರು ಅದು ಅಲ್ಲಿ ಕೂಡದೆಂಬುದನ್ನು ಒಡನೆಯೇ ಕಾಣುತ್ತಾರೆ. ಎರಡೂ ವಿದ್ಯುತ್ತಿನಿಂದ ನಡೆಯತಕ್ಕವು. ಎರಡೂ ಒಂದೇ ಬಗೆಯ ಅಂಕಿಗಳನ್ನು ಸಾಗಿಸತಕ್ಕವು. ಆದರೂ ಒಂದರ ತುದಿ ಇನ್ನೊಂದರ ಬಾಯಿಗೆ ಹೊಂದುವುದಿಲ್ಲ. ತಂತಿಗಳನ್ನು ಕತ್ತರಿಸಿ ಬಲವಂತವಾಗಿ ಬೆಸೆದರೂ ಡ್ರೈವು ಮಾತನಾಡುವುದಿಲ್ಲ. ಇದನ್ನು ತಯಾರಕರ ಹಟವೆಂದು ಕೆಲವರು ಹಳಿಯುತ್ತಾರೆ, ಯಂತ್ರಶಾಸ್ತ್ರದ ಅನಿವಾರ್ಯತೆಯೆಂದು ಕೆಲವರು ಸಮಾಧಾನ ತಾಳುತ್ತಾರೆ. ಈ ಎರಡು ಉತ್ತರಗಳೂ ಅರ್ಧಸತ್ಯಗಳೆಂಬುದನ್ನು ಇತಿಹಾಸದ ನೆರವಿನಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿ, ಅದರ ಕೆಳಗಣ ಕಾಡಿನ ಹೆಬ್ಬೆ, ಅಲ್ಲಿಂದಾಚೆಗೆ ತಣಿಗೇಬೈಲು, ಲಕ್ಕವಳ್ಳಿ, ತರೀಕೆರೆ, ಬಯಲಿನ ಕಡೆಗೆ ಬೀರೂರು, ಕಡೂರು, ಅಜ್ಜಂಪುರ: ಈ ಸೀಮೆಯಲ್ಲಿ ಒಂದು ಶತಮಾನದ ಹಿಂದೆ ಇದೇ ಸಮಸ್ಯೆ ಉಕ್ಕಿನ ಹಳಿಗಳ ರೂಪದಲ್ಲಿ ತಲೆದೋರಿತ್ತು. ಅಂದು ಅದರ ಹೆಸರು ಗೇಜು ಭೇದ, ಎಂದರೆ ಎರಡು ಹಳಿಗಳ ನಡುವಣ ಅಗಲದ ವ್ಯತ್ಯಾಸ.

೨

ಮೊದಲು ವಿಷಯದ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡೋಣ. ಇಂಗ್ಲೆಂಡಿನಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯು ಬ್ರುನೆಲ್ಲನ ಸಲಹೆಯಂತೆ ಏಳು ಅಡಿಯ ಹಳಿಯನ್ನು ಹಾಕಿತು. ಇತರ ಬಹುಪಾಲು ಕಂಪನಿಗಳು ನಾಲ್ಕು ಅಡಿ ಎಂಟೂವರೆ ಅಂಗುಲವನ್ನು ಹಿಡಿದವು. ೧೮೪೪ರಲ್ಲಿ ಗ್ಲಾಸ್ಟರ್ ನಗರದಲ್ಲಿ ಈ ಎರಡೂ ಸಂಧಿಸಿದಾಗ ಒಂದು ಗಾಡಿಯಿಂದ ಸರಕನ್ನೆಲ್ಲ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಯಿತು. ೧೮೪೫ರಲ್ಲಿ ನೇಮಕವಾದ ಆಯೋಗವು ಎರಡನ್ನೂ ಓಡಿಸಿ ನೋಡಿತು. ವೇಗದಲ್ಲಿ ಗೆದ್ದದ್ದು ಅಗಲದ ಹಳಿಯೇ. ಆದರೆ ಅಂದು ಕಿರಿದಾದ ಹಳಿ ಸುಮಾರು ೧,೯೦೦ ಮೈಲಿ ಹಬ್ಬಿತ್ತು, ಅಗಲದ್ದು ಸುಮಾರು ೨೭೦ ಮೈಲಿ ಮಾತ್ರ. ೧೮೪೬ರ ಶಾಸನವು ಕಿರಿದಾದುದನ್ನೇ ಪ್ರಮಾಣವೆಂದು ಎತ್ತಿಹಿಡಿಯಿತು. ಗ್ರೇಟ್ ವೆಸ್ಟರ್ನಿನ ಕೊನೆಯ ಅಗಲದ ಹಳಿ ೧೮೯೨ರಲ್ಲಿ ಮರೆಯಾಯಿತು. ಪ್ರಮಾಣವು ಉತ್ತಮವಾದುದಕ್ಕಲ್ಲ, ಹೆಚ್ಚಾಗಿ ಹಬ್ಬಿದುದಕ್ಕೆ ಒಲಿಯುತ್ತದೆ ಎಂಬ ಮೊದಲ ಪಾಠ ಇಲ್ಲಿ ದೊರೆಯಿತು.

ಈ ಅನುಭವವನ್ನು ಕಣ್ಣಾರೆ ಕಂಡಿದ್ದ ಡಾಲ್‌ಹೌಸಿಯು ಭಾರತಕ್ಕೆಲ್ಲ ಐದು ಅಡಿ ಆರು ಅಂಗುಲದ ಒಂದೇ ಹಳಿಯಿರಲೆಂದು ನಿರ್ಧರಿಸಿದನು. ೧೮೫೩ರ ಏಪ್ರಿಲ್ ೧೬ರಂದು ಮುಂಬಯಿಯಿಂದ ಠಾಣೆಗೆ ಓಡಿದ ಗಾಡಿ ಈ ಅಗಲದ ಮೇಲೆಯೇ ಓಡಿತು. ಆದರೆ ಎರಡು ದಶಕಗಳೊಳಗಾಗಿ ಬೊಕ್ಕಸದ ಭಾರ ಈ ನಿರ್ಧಾರವನ್ನು ಸಡಿಲಿಸಿತು. ೧೮೭೦ರಲ್ಲಿ ಲಾರ್ಡ್ ಮೇಯೊ ಕಡಿಮೆ ವೆಚ್ಚದ ಮಾರ್ಗಗಳಿಗಾಗಿ ಕಿರಿದಾದ ಹಳಿಯನ್ನು ಒಪ್ಪಿದನು. ಅದರ ಅಗಲ ಸರಿಯಾಗಿ ಒಂದು ಮೀಟರೇ ಆದುದಕ್ಕೆ ಕಾರಣ, ಆಗ ಸರಕಾರವು ದೇಶದಲ್ಲಿ ದಶಮಾನ ಪದ್ಧತಿಯನ್ನು ಜಾರಿಗೊಳಿಸುವ ಆಲೋಚನೆಯಲ್ಲಿದ್ದುದು. ಆ ಆಲೋಚನೆ ಅಂದು ಕೈಗೂಡಲಿಲ್ಲ. ಮೀಟರನ್ನು ಅಂಗಡಿಯ ಅಳತೆಯಾಗಿಸಿದ ಶಾಸನ ಬಂದದ್ದು ೧೯೫೬ರಲ್ಲಿ. ಅಳತೆ ಬಾರದೆ ನಿಂತರೂ ಆ ಅಳತೆಯ ಹಳಿ ಮಾತ್ರ ಸಾವಿರಾರು ಮೈಲಿ ಹಬ್ಬಿತು. ಒಂದು ಕಾಲದ ಆಶಯ ಕಳೆದುಹೋದರೂ ಅದರ ಅಚ್ಚು ಉಕ್ಕಿನಲ್ಲಿ ಉಳಿದುಕೊಳ್ಳುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೩

ಮೈಸೂರು ಸಂಸ್ಥಾನವು ಈ ಭೇದವನ್ನು ಬಹು ಬೇಗ ಅನುಭವಿಸಿತು. ಮದರಾಸಿನ ಕಡೆಯಿಂದ ಜೋಲಾರಪೇಟೆಯ ಮೂಲಕ ಬೆಂಗಳೂರು ದಂಡಿಗೆ ೧೮೬೪ರಲ್ಲಿ ಬಂದ ಮಾರ್ಗ ಬ್ರಾಡ್ ಗೇಜಿನದು. ಸಂಸ್ಥಾನವು ತನ್ನ ವೆಚ್ಚದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹಾಕಿ ೧೮೮೨ರಲ್ಲಿ ಮುಗಿಸಿದ ಮಾರ್ಗ ಮೀಟರ್ ಗೇಜಿನದು. ಹೀಗೆ ಬೆಂಗಳೂರು ಎರಡು ಅಗಲಗಳ ಸಂಧಿಸ್ಥಾನವಾಯಿತು. ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ಕಡೂರು, ಬೀರೂರು, ಅಜ್ಜಂಪುರಗಳ ಮೂಲಕ ಹರಿಹರಕ್ಕೆ ಹೋದ ಮಾರ್ಗ ೧೮೮೯ರಲ್ಲಿ ಪೂರ್ಣಗೊಂಡಿತು; ಬೀರೂರಿನಿಂದ ಕವಲೊಡೆದು ತರೀಕೆರೆಯ ಮೂಲಕ ಶಿವಮೊಗ್ಗೆಗೆ ೧೮೯೯ರಲ್ಲಿ ಗಾಡಿ ಓಡಿತು. ಇವೂ ಮೀಟರ್ ಗೇಜಿನವೇ. ೧೮೮೬ರಿಂದ ಹಲವು ದಶಕಗಳ ಕಾಲ ಸಂಸ್ಥಾನದ ಮುಖ್ಯ ಮಾರ್ಗಗಳ ಆಡಳಿತ ಸದರ್ನ್ ಮರಾಠ ಕಂಪನಿಯ ಕೈಯಲ್ಲಿದ್ದಿತು. ಹಳಿಯ ಒಡೆಯನೊಬ್ಬ, ಓಡಿಸುವವನು ಇನ್ನೊಬ್ಬ ಎಂಬ ಸ್ಥಿತಿಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡತಕ್ಕದ್ದು.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಸಂಸ್ಥಾನವು ಒಳನಾಡಿಗೆ ಕಿರಿಯ ಮಾರ್ಗಗಳನ್ನು ಹಾಕಿತು. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ೧೯೧೩ರಲ್ಲಿ ತೆರೆದ ಮಾರ್ಗ ಎರಡೂವರೆ ಅಡಿಯದು. ತರೀಕೆರೆಯಿಂದ ಮಲೆನಾಡಿನ ನರಸಿಂಹರಾಜಪುರಕ್ಕೆ ಹಾಕಿದ ಮಾರ್ಗ ಎರಡೇ ಅಡಿಯದು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಹೊತ್ತ ಈ ಊರು ಹಿಂದೆ ಎಡೇಹಳ್ಳಿ ಎನಿಸಿದ್ದಿತು. ಹೀಗೆ ಸಂಸ್ಥಾನವೊಂದರಲ್ಲಿಯೇ ನಾಲ್ಕು ಅಗಲಗಳು ಕೂಡಿದವು. ಅಷ್ಟೇ ಅಲ್ಲ, ನ್ಯಾರೋ ಗೇಜು ಎಂಬ ಒಂದೇ ಹೆಸರಿನ ಒಳಗೆ ಪರಸ್ಪರ ಕೂಡದ ಎರಡು ಅಳತೆಗಳಿದ್ದವು. ಕೋಲಾರದ ಗಾಡಿಯನ್ನು ತಂದು ತರೀಕೆರೆಯ ಹಳಿಯ ಮೇಲೆ ನಿಲ್ಲಿಸುವಂತಿರಲಿಲ್ಲ. ಹೆಸರು ಒಂದಾದ ಮಾತ್ರಕ್ಕೆ ಹೊಂದಿಕೆ ಒಂದಾಗದು.

ಈ ಎರಡು ಅಡಿಯ ಆಯ್ಕೆಯನ್ನು ಅವಿವೇಕವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಮಲೆನಾಡಿನ ಏರುತಗ್ಗುಗಳಲ್ಲಿ ಹಳಿ ಕಿರಿದಾದಷ್ಟೂ ತಿರುವುಗಳನ್ನು ಬಿಗಿಯಾಗಿ ತೆಗೆಯಬಹುದು. ಗುಡ್ಡ ಕಡಿಯುವುದೂ ಸೇತುವೆ ಕಟ್ಟುವುದೂ ಕಡಿಮೆಯಾಗುತ್ತದೆ. ಹಗುರವಾದ ಹಳಿ ಸಾಕಾಗುತ್ತದೆ. ಹಾಕುವಾಗಿನ ವೆಚ್ಚವೇ ಮುಖ್ಯವಾದಲ್ಲಿ ಇದಕ್ಕಿಂತ ಸಮಂಜಸವಾದ ನಿರ್ಧಾರವಿಲ್ಲ. ತೊಡಕು ಇದ್ದುದು ಮಾರ್ಗದ ಉದ್ದಕ್ಕಲ್ಲ, ಅದರ ತುದಿಯಲ್ಲಿ. ತರೀಕೆರೆಯಲ್ಲಿ ಪ್ರಯಾಣಿಕನು ಒಂದು ಗಾಡಿಯಿಂದಿಳಿದು ನಾಲ್ಕು ಹೆಜ್ಜೆ ನಡೆದು ಇನ್ನೊಂದನ್ನೇರಬಹುದು. ಕಾಲಿಲ್ಲದ ಸರಕನ್ನು ಹಮಾಲಿಯು ಹೊರಬೇಕು. ಮೂಟೆಯಾದರೆ ಹೊರಬಹುದು, ಮರದ ದಿಮ್ಮಿಯಾದರೆ ಅದೊಂದು ಸಾಹಸವೇ ಸರಿ.

೪

ಇದೇ ಸೀಮೆಯ ಇನ್ನೊಂದು ಮಾರ್ಗ ಈ ವಿಚಾರದ ಮತ್ತೊಂದು ಮುಖವನ್ನು ತೋರಿಸುತ್ತದೆ. ೧೯೨೩ರ ಜನವರಿಯಲ್ಲಿ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸವನ್ನಾರಂಭಿಸಿತು. ಅದರ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಕೆಂಪು ಮಣ್ಣಿನ ಗುಂಡಿ ಎಂಬ ಹೆಸರೇ ಅಲ್ಲಿಯ ಭೂಮಿಯ ಗುಣವನ್ನು ಹೇಳುತ್ತದೆ. ಬೆಟ್ಟದ ಮೇಲಿನಿಂದ ಅದಿರು ತೊಟ್ಟಿಲುಗಳಲ್ಲಿ ಹಗ್ಗದ ಹಾದಿಯ ಮೇಲೆ ತಣಿಗೇಬೈಲಿನ ಕಡೆಗೆ ಇಳಿಯುತ್ತಿತ್ತು. ಅಲ್ಲಿಂದ ಕಿರಿಯ ಟ್ರಾಮ್ ಹಳಿಯ ಮೇಲೆ ಭದ್ರಾವತಿಯತ್ತ ಸಾಗುತ್ತಿತ್ತು. ಕುಲುಮೆ ಕಲ್ಲಿದ್ದಲಿನದಲ್ಲ, ಇದ್ದಿಲಿನದು. ಆದುದರಿಂದ ಕಟ್ಟಿಗೆಯನ್ನು ತರಲು ಕಾಡಿನೊಳಕ್ಕೂ ಟ್ರಾಮ್ ಹಾದಿಗಳು ಚಾಚಿದ್ದವು.

ಈ ವ್ಯವಸ್ಥೆಯಲ್ಲಿ ಗಣಿ, ಹಾದಿ, ಗಾಡಿ, ಕುಲುಮೆ ಎಲ್ಲವೂ ಒಬ್ಬನೇ ಒಡೆಯನವು. ಹಳಿಯ ಅಗಲ ಎಷ್ಟಿದ್ದರೇನು? ಗಣಿಯ ಗಾಡಿ ಮುಂಬಯಿಗೆ ಹೋಗಬೇಕಾಗಿರಲಿಲ್ಲ, ಹೊರಗಿನ ಗಾಡಿ ಗಣಿಗೆ ಬರಬೇಕಾಗಿರಲಿಲ್ಲ. ಮುಚ್ಚಿದ ವ್ಯವಸ್ಥೆಯೊಳಗೆ ಸ್ವಂತದ ಅಳತೆ ಸಾರ್ವತ್ರಿಕ ಅಳತೆಗಿಂತ ಕೆಲವೊಮ್ಮೆ ಮೇಲೇ ಆಗಿರುತ್ತದೆ. ಆದರೆ ಬೀಡು ಕಬ್ಬಿಣವು ಭದ್ರಾವತಿಯ ಅಂಗಳವನ್ನು ಬಿಟ್ಟು ಹೊರಟ ಕೂಡಲೆ ಮೀಟರ್ ಗೇಜಿನ ವ್ಯಾಗನ್ನನ್ನು ಏರಬೇಕು. ಬ್ರಾಡ್ ಗೇಜಿನ ಪ್ರದೇಶಕ್ಕೆ ಹೋಗಬೇಕಾದಲ್ಲಿ ಬೆಂಗಳೂರು, ಗುಂತಕಲ್ಲು ಅಥವಾ ಪುಣೆಯಂತಹ ಸಂಧಿಸ್ಥಾನದಲ್ಲಿ ಮತ್ತೊಮ್ಮೆ ಇಳಿದು ಏರಬೇಕು. ಸ್ವಂತ ಅಳತೆಯ ಸುಂಕವನ್ನು ಮನೆಯೊಳಗೆ ಕೊಡಬೇಕಾಗಿಲ್ಲ, ಹೊಸ್ತಿಲಲ್ಲಿ ಕೊಡಬೇಕಾಗುತ್ತದೆ.

೫

ಈಗ ಡ್ರೈವಿನ ಪ್ರಶ್ನೆಗೆ ಹಿಂತಿರುಗೋಣ. ಲ್ಯಾಪ್‌ಟಾಪಿನ ಒಳಗಣ ಡ್ರೈವು ಕೆಮ್ಮಣ್ಣುಗುಂಡಿಯ ಟ್ರಾಮ್ ಗಾಡಿಯಂತೆ. ಅದು ಒಂದೇ ಯಂತ್ರದ ಹೊಟ್ಟೆಯೊಳಗೆ, ಒಬ್ಬನೇ ತಯಾರಕನ ನಕ್ಷೆಯಂತೆ ಕೆಲಸ ಮಾಡಲು ಹುಟ್ಟಿದ್ದು. ಅಲ್ಲಿ ಸ್ಥಳ ಕಡಿಮೆ, ಕೇಬಲ್ಲಿಗೆ ಎಡೆಯಿಲ್ಲ, ಡ್ರೈವು ನೇರವಾಗಿ ಹಲಗೆಯ ಕಿಂಡಿಗೆ ಜಾರಿ ಕೂಡಬೇಕು. ಆದುದರಿಂದ ತಯಾರಕರು ತಮಗೆ ಒಗ್ಗಿದ ತುದಿಗಳನ್ನು ಮಾಡಿಕೊಂಡರು. ಯುಎಸ್‌ಬಿಯಾದರೋ ಹೊರಗಿನ ವಸ್ತುಗಳಿಗಾಗಿ ಹುಟ್ಟಿದ್ದು. ೧೯೯೬ರಲ್ಲಿ ಏಳು ಕಂಪನಿಗಳು ಕೂಡಿ ಅದರ ಮೊದಲ ಪ್ರಮಾಣವನ್ನು ಹೊರಡಿಸಿದವು. ಇಂಟೆಲ್ ಸಂಸ್ಥೆಯಲ್ಲಿ ಅದಕ್ಕಾಗಿ ದುಡಿದ ತಂಡದ ಮುಂದಾಳು ವಡೋದರದಲ್ಲಿ ಓದಿದ ಅಜಯ್ ಭಟ್ಟ. ಒಂದು ಟ್ರಾಮ್ ಹಾದಿ, ಇನ್ನೊಂದು ಹೆದ್ದಾರಿ.

ಇವೆರಡೂ ಕೂಡದಿರುವುದಕ್ಕೆ ಕಾರಣಗಳು ಮೂರು ಹಂತಗಳಲ್ಲಿವೆ. ಮೊದಲನೆಯದು ಆಕಾರ. ಆರಂಭದ ಯುಎಸ್‌ಬಿ ತುದಿಯಲ್ಲಿ ನಾಲ್ಕೇ ಸಂಪರ್ಕಗಳು: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನಲ್ಲಿ ೪೪ ಪಿನ್ನುಗಳು. ತೆಳುವಾದ ಸಿಡಿ ಡ್ರೈವಿನಲ್ಲಿ ೫೦. ಹಾಡಿನ ಧ್ವನಿಯನ್ನು ಸಾಗಿಸುವ ತಂತಿಗಳೂ ಅದರಲ್ಲಿ ಸೇರಿದ್ದವು. ಎರಡೂ ಐಡಿಇ ಎಂಬ ಒಂದೇ ಹೆಸರಿನವಾದರೂ ಒಂದರ ತುದಿ ಇನ್ನೊಂದಕ್ಕೆ ಹೊಂದದು, ಕೋಲಾರದ ಗಾಡಿ ತರೀಕೆರೆಯ ಹಳಿಗೆ ಹೊಂದದಂತೆ. ಇವುಗಳ ಜೊತೆಗೆ ಬದಲಿಸಿ ಹಾಕಬಲ್ಲ ಡ್ರೈವುಗಳಿಗೆಂದು ಒಬ್ಬೊಬ್ಬ ತಯಾರಕನು ಮಾಡಿಕೊಂಡ ವಿಶೇಷ ತುದಿಗಳು ಬೇರೆ. ಅವುಗಳಲ್ಲಿ ಯಾವ ಪಿನ್ನು ಯಾವ ಕೆಲಸದ್ದೆಂಬುದನ್ನು ಅವನ ನಕ್ಷೆಯೇ ಹೇಳಬೇಕು.

ಎರಡನೆಯದು ಶಕ್ತಿ. ಎರಡೂ ಐದು ವೋಲ್ಟಿನಲ್ಲಿ ನಡೆಯಬಹುದು. ಆದರೆ ಯುಎಸ್‌ಬಿ ೨.೦ ಪ್ರಮಾಣದಂತೆ ಕಿಂಡಿಯೊಂದು ಕೊಡಲೊಪ್ಪುವುದು ಮೊದಲಿಗೆ ೧೦೦ ಮಿಲಿಆಂಪಿಯರ್, ವಸ್ತುವು ಕೇಳಿಕೊಂಡ ಮೇಲೆ ಹೆಚ್ಚೆಂದರೆ ೫೦೦. ಸಿಡಿ ಡ್ರೈವಿನ ಮೋಟಾರು ತಿರುಗಲು ತೊಡಗುವ ಕ್ಷಣದಲ್ಲಿ ಇದರ ಎರಡರಷ್ಟಕ್ಕೂ ಮಿಗಿಲಾಗಿ ಎಳೆಯಬಹುದು. ಎರಡು ತಲೆಯ ಯುಎಸ್‌ಬಿ ಕೇಬಲ್ಲುಗಳು ಬಳಕೆಗೆ ಬಂದದ್ದು ಇದರಿಂದ; ಘಾಟಿಯಲ್ಲಿ ಒಂದು ಗಾಡಿಗೆ ಎರಡು ಎಂಜಿನ್ನು ಕಟ್ಟಿದಂತೆ. ಹಳಿಯ ವಿಷಯದಲ್ಲಿಯೂ ಹೀಗೆಯೇ. ಅಗಲ ಒಂದಾದರೂ ಹಗುರ ಹಳಿ ಭಾರದ ಎಂಜಿನ್ನನ್ನು ತಾಳಲಾರದು.

ಮೂರನೆಯದೂ ಮುಖ್ಯವಾದುದೂ ಭಾಷೆ. ಹಳೆಯ ಡ್ರೈವು ಎಟಿಎ ಎಂಬ ಕಟ್ಟಳೆಯಂತೆ, ೧೯೯೪ರಲ್ಲಿ ಪ್ರಮಾಣೀಕರಿಸಲ್ಪಟ್ಟ ರೀತಿಯಲ್ಲಿ, ಹದಿನಾರು ತಂತಿಗಳ ಮೇಲೆ ಹದಿನಾರು ಅಂಕಿಗಳನ್ನು ಒಟ್ಟಿಗೆ ಕಳುಹಿಸುತ್ತದೆ. ಯುಎಸ್‌ಬಿಯು ಎರಡೇ ತಂತಿಗಳ ಮೇಲೆ ಒಂದರ ಹಿಂದೊಂದರಂತೆ ಕಳುಹಿಸುತ್ತದೆ. ಯುಎಸ್‌ಬಿ ಕಿಂಡಿಗೆ ಬಂದ ವಸ್ತು ಮೊದಲು ತಾನು ಯಾರು, ಯಾವ ವರ್ಗದವನು, ಎಷ್ಟು ವಿದ್ಯುತ್ತು ಬೇಕು ಎಂದು ಅರಿಕೆ ಮಾಡಿಕೊಳ್ಳಬೇಕು. ಗಣಕವು ಅದಕ್ಕೊಂದು ಸಂಖ್ಯೆಯನ್ನು ಕೊಟ್ಟ ಬಳಿಕವೇ ವ್ಯವಹಾರ. ಹಳೆಯ ಡ್ರೈವಿಗೆ ಈ ಶಿಷ್ಟಾಚಾರ ತಿಳಿಯದು. ಬಳಿಕ ಬಂದ ಸೇಟಾ ಡ್ರೈವು ಒಂದರ ಹಿಂದೊಂದರಂತೆ ಕಳುಹಿಸುವುದನ್ನು ಕಲಿತರೂ ಅದರ ಶಿಷ್ಟಾಚಾರವೂ ಬೇರೆಯೇ. ಆದುದರಿಂದ ತಂತಿಗೆ ತಂತಿಯನ್ನು ಬೆಸೆದು ಮಾಡಿದ ಕೇಬಲ್ಲು ನಿಷ್ಪ್ರಯೋಜಕ. ತಪ್ಪು ಪಿನ್ನಿಗೆ ವಿದ್ಯುತ್ತು ಹರಿದಲ್ಲಿ ಡ್ರೈವೇ ಸುಟ್ಟುಹೋಗಬಹುದು. ಬೇಕಾದುದು ನಡುವೆ ಕುಳಿತು ಒಂದು ಭಾಷೆಯನ್ನು ಇನ್ನೊಂದಕ್ಕೆ ತಿರುಗಿಸುವ ಪುಟ್ಟ ಚಿಪ್ಪು. ಅಂಗಡಿಯಲ್ಲಿ ದೊರೆಯುವ ಅಡಾಪ್ಟರಿನೊಳಗೆ ಇರುವುದು ಇದೇ. ಅದನ್ನು ತರೀಕೆರೆಯ ಹಮಾಲಿಯೆಂದು ಕರೆದರೆ ಅತಿಶಯೋಕ್ತಿಯಾಗದು: ಒಂದು ಕಡೆಯ ಮೂಟೆಯನ್ನು ಬಿಚ್ಚಿ, ಇನ್ನೊಂದು ಕಡೆಗೆ ತಕ್ಕಂತೆ ಕಟ್ಟಿ, ಏರಿಸುವುದು ಅದರ ಕೆಲಸ. ತಯಾರಕನ ವಿಶೇಷ ತುದಿಗೆ ಇಂತಹ ಹಮಾಲಿಯೂ ಸಿಗದೆ ಹೋಗಬಹುದು. ಏಕೆಂದರೆ ಆ ನಕ್ಷೆ ಹೊರಗಿನವರಿಗೆ ತಿಳಿಯದು, ಆ ಯಂತ್ರವನ್ನು ಮಾರುವುದೂ ನಿಂತಿರುತ್ತದೆ.

೬

ಭೇದವನ್ನು ದಾಟಲು ರೈಲ್ವೆಯವರು ಕಂಡುಕೊಂಡ ಉಪಾಯಗಳು ಹಲವು. ಸರಕನ್ನು ಇಳಿಸಿ ಏರಿಸುವುದು ಮೊದಲನೆಯದು. ಒಂದೇ ಹಾದಿಯಲ್ಲಿ ಮೂರನೆಯ ಹಳಿಯೊಂದನ್ನು ಹಾಕಿ ಎರಡು ಅಗಲಗಳ ಗಾಡಿಗಳನ್ನೂ ಓಡಿಸುವುದು ಎರಡನೆಯದು. ಒಂದು ಗಾಡಿಯನ್ನೇ ಇನ್ನೊಂದರ ಬೆನ್ನ ಮೇಲೇರಿಸುವುದು ಮೂರನೆಯದು. ಸ್ಪೇನಿನ ಟಾಲ್ಗೊ ಗಾಡಿಗಳಂತೆ ಓಡುತ್ತಲೇ ಚಕ್ರಗಳ ಅಗಲವನ್ನು ಬದಲಿಸಿಕೊಳ್ಳುವುದು ನಾಲ್ಕನೆಯದು. ಎಲ್ಲವನ್ನೂ ಕಿತ್ತು ಒಂದೇ ಅಗಲಕ್ಕೆ ತರುವುದು ಕೊನೆಯದು. ೧೯೯೨ರಲ್ಲಿ ಭಾರತೀಯ ರೈಲ್ವೆ ಕೈಗೊಂಡ ಏಕ ಗೇಜು ಯೋಜನೆ ಈ ಕೊನೆಯ ಹಾದಿಯನ್ನು ಹಿಡಿಯಿತು. ಬೀರೂರು–ಶಿವಮೊಗ್ಗ ಮಾರ್ಗ ಆ ದಶಕದಲ್ಲಿ ಬ್ರಾಡ್ ಗೇಜಾಯಿತು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಅದು ಮುಟ್ಟಿದ್ದು ೨೦೧೧ರಲ್ಲಿ. ಕಡೂರಿನಿಂದ ಚಿಕ್ಕಮಗಳೂರಿಗೆ ೨೦೧೩ರಲ್ಲಿ ತೆರೆದ ಹೊಸ ಮಾರ್ಗ ಮೊದಲಿನಿಂದಲೇ ಬ್ರಾಡ್ ಗೇಜಿನದು. ಮೇಯೊ ಮಾಡಿದ ಉಳಿತಾಯದ ಲೆಕ್ಕವನ್ನು ನೂರಿಪ್ಪತ್ತು ವರ್ಷಗಳ ಬಳಿಕ ಬೇರೊಂದು ಪೀಳಿಗೆ ತೀರಿಸಿತು.

ಕೋಲಾರದ ಕಿರಿಯ ಹಳಿ ಅಗಲವಾಗಿ ಉಳಿದುಕೊಂಡಿತು. ನರಸಿಂಹರಾಜಪುರದ ಹಳಿ ಉಳಿಯಲಿಲ್ಲ. ಇಂದು ಆ ಊರಿಗೆ ರೈಲಿಲ್ಲ; ತರೀಕೆರೆಯಲ್ಲಿ ಇರುವುದು ಒಂದೇ ಅಗಲದ ಹಾದಿ. ಹೆಬ್ಬೆ, ತಣಿಗೇಬೈಲು, ಲಕ್ಕವಳ್ಳಿಗಳು ಭದ್ರಾ ಅಭಯಾರಣ್ಯದ ವಲಯಗಳ ಹೆಸರುಗಳಾಗಿವೆ. ಮುಖ್ಯ ಹಾದಿಯೊಡನೆ ಕೂಡಲಾರದ ಕವಲಿಗೆ ಎರಡೇ ಗತಿಗಳು: ಅಗಲವಾಗುವುದು, ಇಲ್ಲವೆ ಅಳಿಯುವುದು. ಮಲೆನಾಡಿನ ಹಳಿ ಅಳಿಯಲು ಲಾರಿ ಬಸ್ಸುಗಳ ಪೈಪೋಟಿಯಂತಹ ಬೇರೆ ಕಾರಣಗಳೂ ಕೂಡಿರಬಹುದು. ಆದರೆ ತರೀಕೆರೆಯಲ್ಲಿ ಹೇಗಿದ್ದರೂ ಸರಕನ್ನು ಇಳಿಸಲೇಬೇಕಾದಾಗ, ಅದನ್ನು ಮನೆಬಾಗಿಲಿನಿಂದಲೇ ಲಾರಿಗೆ ಏರಿಸುವುದು ಲೇಸೆಂದು ಯಾವ ವರ್ತಕನಿಗೂ ತೋರುವುದು ಸಹಜ.

೭

ಇದರಿಂದ ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಆಗಬೇಕಾದುದೇನು? ನಮ್ಮ ಆಕರಗಳು ಇಂದು ತಾಳೆಗರಿ, ಕಡತ, ಶಾಸನಗಳಲ್ಲಿ ಮಾತ್ರ ಇಲ್ಲ. ೧೯೯೦ರ ಬಳಿಕ ಬೆರಳಚ್ಚಾದ ಪ್ರಬಂಧಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು, ಧ್ವನಿಮುದ್ರಣಗಳು, ಹಸ್ತಪ್ರತಿಗಳ ಛಾಯೆಗಳು ಹಳೆಯ ಗಣಕಗಳ ಡ್ರೈವುಗಳಲ್ಲಿವೆ. ಗಣಕ ಕೆಟ್ಟಿತೆಂದು ಗುಜರಿಗೆ ಹಾಕಿದಾಗ ಡ್ರೈವು ಬೀರುವಿನಲ್ಲಿ ಉಳಿಯುತ್ತದೆ. ಅದರೊಳಗಣ ಬರಹ ಅಳಿದಿರುವುದಿಲ್ಲ. ಆದರೆ ಅದನ್ನು ಓದುವ ತುದಿ ಅಳಿದಿರುತ್ತದೆ. ತುದಿ ಸಿಕ್ಕಿತೆನ್ನಿ, ಕನ್ನಡಕ್ಕೆ ಎರಡನೆಯ ಗೇಜು ಭೇದವೊಂದು ಕಾದಿರುತ್ತದೆ. ೧೯೯೧ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಬಹುಕಾಲ ನಮ್ಮ ಬೆರಳಚ್ಚು ನಡೆದದ್ದು ಒಂದೊಂದು ತಂತ್ರಾಂಶದ ಸ್ವಂತ ಅಕ್ಷರಸಂಕೇತಗಳಲ್ಲಿ. ಆ ಫಾಂಟು ಇಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ಕಾಣುವುದು ರೋಮನ್ ಅಕ್ಷರಗಳ ರಾಶಿ. ಇಲ್ಲಿಯೂ ಪರಿವರ್ತಕವೆಂಬ ಹಮಾಲಿ ಬೇಕು, ಒತ್ತಕ್ಷರಗಳೆಡೆಯಲ್ಲಿ ಆತ ಕೆಲವು ಕಾಳುಗಳನ್ನು ಚೆಲ್ಲುವುದೂ ಉಂಟು.

ಶಿಲಾಶಾಸನವನ್ನು ಓದಲು ಲಿಪಿಯನ್ನರಿತರೆ ಸಾಕು. ಕಲ್ಲಿಗೆ ವೋಲ್ಟು ಬೇಡ. ಡ್ರೈವನ್ನು ಓದಲು ಆಕಾರ, ಶಕ್ತಿ, ಭಾಷೆ, ಲಿಪಿ ಈ ನಾಲ್ಕೂ ಕೂಡಬೇಕು. ಒಂದು ತಪ್ಪಿದರೂ ಆಕರವು ಇದ್ದೂ ಇಲ್ಲದಂತೆ. ಆದುದರಿಂದ ಅಡಾಪ್ಟರುಗಳು ಮಾರುಕಟ್ಟೆಯಲ್ಲಿ ದೊರೆಯುತ್ತಿರುವಾಗಲೇ ಹಳೆಯ ಡ್ರೈವುಗಳನ್ನು ಹೊರತೆಗೆದು, ಅವುಗಳಲ್ಲಿರುವುದನ್ನು ಹೊಸ ಡ್ರೈವಿಗೆ ಇಳಿಸಿ, ಯೂನಿಕೋಡಿಗೆ ತಿರುಗಿಸಿ, ಮೂಲದೊಡನೆ ಹೋಲಿಸಿ ನೋಡುವುದು ಗ್ರಂಥಸಂಪಾದನೆಯಷ್ಟೇ ಗಂಭೀರವಾದ ಕೆಲಸವೆಂದು ನಮ್ಮ ವಿಭಾಗಗಳು ಭಾವಿಸಬೇಕಾಗಿದೆ. ಯಾವ ಡ್ರೈವು ಯಾವ ಯಂತ್ರದ್ದು, ಯಾವ ಫಾಂಟಿನದು ಎಂಬ ಚೀಟಿಯನ್ನು ಅದಕ್ಕೆ ಅಂಟಿಸಿಡುವುದು ಇನ್ನೂ ಸುಲಭ. ಅದನ್ನು ಇಂದೇ ಮಾಡಬಹುದು.

ಆರಂಭದ ಪ್ರಶ್ನೆಗೆ ಉತ್ತರ ಇಷ್ಟು. ಸ್ವಂತದ ತುದಿ ಸಾರ್ವಜನಿಕ ಕಿಂಡಿಗೆ ಕೂಡದಿರುವುದು ಬರಿಯ ಹಟವೂ ಅಲ್ಲ, ಬರಿಯ ಅನಿವಾರ್ಯತೆಯೂ ಅಲ್ಲ. ಅದು ಒಬ್ಬ ಒಡೆಯನು ತನ್ನ ಎಲ್ಲೆಯೊಳಗೆ, ತನ್ನ ಕಾಲದಲ್ಲಿ ಸರಿಯಾಗಿಯೇ ಮಾಡಿದ ಲೆಕ್ಕದ ಶೇಷ. ಆ ಲೆಕ್ಕದಲ್ಲಿ ಎಲ್ಲೆಯಾಚೆಯವರ ಹೆಸರಿರಲಿಲ್ಲ. ಐರೋಪ್ಯ ಒಕ್ಕೂಟವು ೨೦೨೨ರ ನಿರ್ದೇಶದಿಂದ ಮೊಬೈಲು, ಲ್ಯಾಪ್‌ಟಾಪುಗಳ ಚಾರ್ಜಿಂಗ್ ತುದಿಯನ್ನು ಯುಎಸ್‌ಬಿ-ಸಿ ಎಂಬ ಒಂದೇ ಮಾದರಿಗೆ ತರಲು ಹೊರಟದ್ದು ೧೮೪೬ರ ಗೇಜು ಶಾಸನದ ದೂರದ ಸಂತತಿಯೇ. ಅಂತಹ ಶಾಸನಗಳು ಮುಂದಿನದನ್ನು ಸರಿಪಡಿಸಬಲ್ಲವು, ಹಿಂದಿನದನ್ನಲ್ಲ. ಹಿಂದಿನದರ ಮೂಟೆಯನ್ನು ಹೊರಬೇಕಾದವರು ಸಂಧಿಸ್ಥಾನದಲ್ಲಿ ನಿಂತವರು. ಇತಿಹಾಸವನ್ನು ಓದುವವರೂ ಬರೆಯುವವರೂ ನಿಂತಿರುವುದು ಅಲ್ಲಿಯೇ.